ಡೀಸ್‌ಗೆ ಮುಖ ಬರೆದರೆ ಯಾರ ಗಂಟು ಹೋಯಿತು?

ಡೀಸ್ ಯಾರೆಂದು ಕೇಳಿದರೆ ಜೆ.ಆರ್.ಆರ್. ಟೋಲ್ಕೀನರ ಕಟ್ಟಾ ಓದುಗರಿಗೂ ತಟ್ಟನೆ ನೆನಪಾಗುವುದಿಲ್ಲ. 1937ರಲ್ಲಿ ಬಂದ ‘ದ ಹಾಬಿಟ್’ನಲ್ಲಿ, ಡ್ರ್ಯಾಗನ್ ಕಿತ್ತುಕೊಂಡ ರಾಜ್ಯವನ್ನು ಮರಳಿ ಪಡೆಯಲು ಹನ್ನೆರಡು ಮಂದಿ ಡ್ವಾರ್ಫ್‌ಗಳನ್ನು ಕಟ್ಟಿಕೊಂಡು ಹೊರಡುವ ಥೋರಿನ್‌ನ ತಂಗಿ ಅವಳು. ಆ ಹನ್ನೆರಡರಲ್ಲಿ ಎಳೆಯರಾದ ಫೀಲಿ ಮತ್ತು ಕೀಲಿ ಅವಳ ಮಕ್ಕಳು. ಅವಳ ಅಜ್ಜನನ್ನು ಮೋರಿಯಾದಲ್ಲಿ ಓರ್ಕ್ ನಾಯಕ ಕೊಂದು ತಲೆ ಕಡಿದು ಹೊರಗೆಸೆದ. ಆ ಸೇಡಿನ ಯುದ್ಧದಲ್ಲಿ ಒಬ್ಬ ಅಣ್ಣ ಸತ್ತ. ಅಪ್ಪ ಶತ್ರುವಿನ ಸೆರೆಮನೆಯಲ್ಲಿ ಬುದ್ಧಿ ಕಳೆದುಕೊಂಡು ಸತ್ತ. ಉಳಿದ ಅಣ್ಣ ಥೋರಿನ್ ಕೊನೆಯ ಕಾಳಗದಲ್ಲಿ ಬಿದ್ದ. ಅವನನ್ನು ಕಾಯಲು ಹೋಗಿ ಇಬ್ಬರು ಮಕ್ಕಳೂ ಬಿದ್ದರು. ಒಂದು ಮನೆಯ ಗಂಡಸರೆಲ್ಲ ಹೋದರು, ಅವಳೊಬ್ಬಳು ಉಳಿದಳು. ‘ದ ಹಾಬಿಟ್’ನಲ್ಲಿ ಅವಳಿಗೆ ಹೆಸರೂ ಇಲ್ಲ. ಹೆಸರು ಸಿಗುವುದು 1955ರಲ್ಲಿ, ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಕೊನೆಯ ಸಂಪುಟದ ಅನುಬಂಧದಲ್ಲಿ, ಒಂದು ವಂಶವೃಕ್ಷದ ಕೊಂಬೆಯಲ್ಲಿ. ಆ ಇಡೀ ಚರಿತ್ರೆಯಲ್ಲಿ ಹೆಸರು ಪಡೆದ ಏಕೈಕ ಡ್ವಾರ್ಫ್ ಹೆಣ್ಣು ಅವಳು. ಮಕ್ಕಳ ಸಾವಿನ ಸುದ್ದಿಯನ್ನು ಅವಳಿಗೆ ಯಾರು ತಂದರು, ಕೇಳಿ ಅವಳೇನು ಮಾಡಿದಳು, ಆಮೇಲೆ ಹೇಗೆ ಬದುಕಿದಳು? ಪುಸ್ತಕದಲ್ಲಿ ಒಂದಕ್ಷರ ಇಲ್ಲ.

ಇಂಥವಳನ್ನು ಯಾರೋ ಒಬ್ಬ ಓದುಗಿ ಚಿತ್ರಿಸುತ್ತಾಳೆ. ಹೆಣೆದ ಗಡ್ಡ, ಗಡ್ಡದಲ್ಲಿ ಮಣಿ, ಕುಲುಮೆಯ ಮಸಿ ಹಿಡಿದ ಕೈ. ಇನ್ನೊಬ್ಬ ಅವಳ ಬಗ್ಗೆ ಮೂವತ್ತು ಪುಟ ಬರೆಯುತ್ತಾನೆ. ಕೂಡಲೇ ಕೇಳಿಬರುತ್ತದೆ ಆ ಮಾತು: ಟೋಲ್ಕೀನ್ ಹೀಗೆಲ್ಲಿ ಬರೆದಿದ್ದಾರೆ? ಇದು ಮೂಲದಲ್ಲಿಲ್ಲ. ಇದು ಮಹಾಕೃತಿಗೆ ಮಾಡಿದ ಅಪಚಾರ. ಕೈಲಾದರೆ ಸ್ವಂತದ್ದು ಬರೆಯಲಿ, ಇನ್ನೊಬ್ಬರ ಹೊಲದಲ್ಲಿ ಉಳುವುದೇಕೆ?

ಈ ಮಾತನ್ನು ಓದುಗರು ಹೇಳುತ್ತಾರೆ, ವಿಮರ್ಶಕರು ಹೇಳುತ್ತಾರೆ, ದೊಡ್ಡ ಲೇಖಕರೇ ಹೇಳುತ್ತಾರೆ. ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ಸಭ್ಯ ಅಭಿರುಚಿಯ ಲಕ್ಷಣವೆಂಬಂತೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನನ್ನ ತಕರಾರು ಇರುವುದು ಈ ತಲೆಯಾಡಿಸುವಿಕೆಯೊಂದಿಗೆ. ಫ್ಯಾಂಟಸಿ ಮಹಾಕಥನಗಳ ಉಪಪಾತ್ರಗಳನ್ನು ಅಭಿಮಾನಿಗಳು ಬರೆದು, ಬಿಡಿಸಿ, ಬೆಳೆಸುವುದು ಕೀಳು ಕೆಲಸ ಎಂಬ ಈ ನಿಲುವು ಸಾಹಿತ್ಯದ ಬಗ್ಗೆ ಅಜ್ಞಾನದಿಂದ ಹುಟ್ಟಿದ್ದು, ಹಣವಂತರ ಪರವಾದದ್ದು, ಕಥೆಗಳಿಂದ ಮೊದಲೇ ಹೊರಗುಳಿದವರನ್ನು ಶಾಶ್ವತವಾಗಿ ಹೊರಗಿಡುವಂಥದ್ದು.

ಅಜ್ಞಾನದಿಂದಲೇ ಶುರುಮಾಡೋಣ. ಟೋಲ್ಕೀನರ ಹೆಸರಿನಲ್ಲಿ ಕಾವಲು ಕಾಯುವವರು ಟೋಲ್ಕೀನ್ ಹೇಗೆ ಬರೆದರೆಂದು ನೋಡಿದ್ದಾರೆಯೇ? ಹಳೆಯ ನಾರ್ಸ್ ಭಾಷೆಯ ‘ವೊಲುಸ್ಪಾ’ ಎಂಬ ಪದ್ಯದಲ್ಲಿ ಡ್ವಾರ್ಫ್‌ಗಳ ಹೆಸರಿನ ಒಂದು ಉದ್ದ ಪಟ್ಟಿ ಇದೆ. ಥೋರಿನ್, ಡ್ವಾಲಿನ್, ಫೀಲಿ, ಕೀಲಿ, ಬೊಂಬುರ್, ಗ್ಯಾಂಡಾಲ್ಫ್ ಎಲ್ಲರೂ ಅಲ್ಲಿದ್ದಾರೆ. ಅಲ್ಲಿ ಅವರಿಗೆ ಕಥೆಯಿಲ್ಲ, ಮುಖವಿಲ್ಲ, ಮಾತಿಲ್ಲ. ಶತಮಾನಗಳ ಕಾಲ ಹೆಸರುಗಳಾಗಿ ಬಿದ್ದುಕೊಂಡಿದ್ದವರಿಗೆ ಆಕ್ಸ್‌ಫರ್ಡಿನ ಒಬ್ಬ ಪ್ರೊಫೆಸರ್ ಹೊಟ್ಟೆ, ಹಸಿವು, ಜಂಬ, ಬಣ್ಣಬಣ್ಣದ ಟೋಪಿ, ವಾದ್ಯ, ಸಾವು ಎಲ್ಲವನ್ನೂ ಕೊಟ್ಟರು. ಇದಕ್ಕೂ ಮುಂಚೆ, 1914ರಲ್ಲಿ, ಹಳೆಯ ಇಂಗ್ಲಿಷಿನ ಒಂದು ಧಾರ್ಮಿಕ ಕಾವ್ಯದಲ್ಲಿ ಹಾದುಹೋಗುವ ಎಯಾರೆಂಡೆಲ್ ಎಂಬ ಹೆಸರು ಹಿಡಿದುಕೊಂಡು ಅವರೊಂದು ಪದ್ಯ ಬರೆದರು. ಅವರ ಇಡೀ ಪುರಾಣಲೋಕ ಆ ಬೀಜದಿಂದ ಮೊಳೆಯಿತು. ಫಿನ್ಲೆಂಡಿನ ‘ಕಾಲೆವಾಲಾ’ದ ಕುಲ್ಲೆರ್ವೊ ಎಂಬ ದುರದೃಷ್ಟವಂತನನ್ನು ಎತ್ತಿಕೊಂಡು ಟೂರಿನ್ ತುರಂಬಾರ್‌ನನ್ನು ಮಾಡಿದರು. 1953ರಲ್ಲಿ ಇನ್ನೂ ಮುಂದೆ ಹೋದರು. ‘ಮಾಲ್ಡನ್ ಕಾಳಗ’ ಎಂಬ ಹಳೆಯ ಇಂಗ್ಲಿಷ್ ಕಾವ್ಯ ಮುಗಿದ ಮೇಲೆ ಏನಾಗಿರಬಹುದೆಂದು ಯೋಚಿಸಿ, ರಾತ್ರಿ ರಣರಂಗದ ಹೆಣಗಳ ನಡುವೆ ಒಡೆಯನ ಶವ ಹುಡುಕುವ ಇಬ್ಬರು ಸಾಮಾನ್ಯ ಆಳುಗಳನ್ನು ಸೃಷ್ಟಿಸಿ ಒಂದು ನಾಟಕ ಬರೆದು ಪ್ರಕಟಿಸಿದರು. ಮೂಲಕಾವ್ಯದಲ್ಲಿ ಆ ಇಬ್ಬರೂ ಇಲ್ಲ. ಮೂಲದಲ್ಲಿಲ್ಲದ್ದನ್ನು ಬರೆಯುವುದು ಅಪಚಾರವಾದರೆ ಮೊದಲು ಕಟಕಟೆಗೆ ಹತ್ತಬೇಕಾದವರು ಯಾರು?

ಇದಕ್ಕೆ ಸಿದ್ಧ ಉತ್ತರವೊಂದಿದೆ. ಅವರು ಪ್ರತಿಭಾವಂತರು, ಅಭಿಮಾನಿಗಳು ಅಲ್ಲ. ಇರಬಹುದು. ಪ್ರತಿಭೆ ಕಡಿಮೆಯಾದ ಕೃತಿಯನ್ನು ಕೆಟ್ಟ ಕೃತಿ ಎನ್ನಿ, ಯಾರು ಬೇಡವೆನ್ನುತ್ತಾರೆ? ಕೆಟ್ಟ ಸಾನೆಟ್‌ಗಳಿವೆ ಎಂದು ಸಾನೆಟ್ ಬರೆಯುವುದನ್ನೇ ಯಾರೂ ನಿಷೇಧಿಸಿಲ್ಲ. ಒಂದು ಇಡೀ ಬಗೆಯ ಸೃಷ್ಟಿಯನ್ನು ಓದುವ ಮುಂಚೆಯೇ, ನೋಡುವ ಮುಂಚೆಯೇ ತಳ್ಳಿಹಾಕುವುದು ವಿಮರ್ಶೆಯ ಕೆಲಸವಲ್ಲ.

ಇನ್ನು ಆ ‘ಮೂಲ’. ಯಾವುದು ಮೂಲ? ಟೋಲ್ಕೀನ್ ತೀರಿಕೊಂಡದ್ದು 1973ರಲ್ಲಿ. ‘ದ ಸಿಲ್ಮರಿಲಿಯನ್’ ಬಂದದ್ದು 1977ರಲ್ಲಿ. ಅರವತ್ತು ವರ್ಷಗಳ ಉದ್ದಕ್ಕೆ ಚದುರಿದ್ದ, ಒಂದಕ್ಕೊಂದು ತಾಳೆಯಾಗದ ಹಸ್ತಪ್ರತಿಗಳನ್ನು ಮಗ ಕ್ರಿಸ್ಟೋಫರ್ ಟೋಲ್ಕೀನ್, ಆಗಿನ್ನೂ ತರುಣನಾಗಿದ್ದ ಗೈ ಗೇವ್ರಿಯಲ್ ಕೇ ನೆರವಿನಿಂದ, ಒಂದು ಪುಸ್ತಕವಾಗಿ ಹೊಲಿದರು. ಅದರಲ್ಲಿನ ಡೋರಿಯಾತ್ ರಾಜ್ಯದ ಪತನದ ಅಧ್ಯಾಯವನ್ನು ಬಹುಮಟ್ಟಿಗೆ ತಾವೇ ಕಟ್ಟಬೇಕಾಯಿತೆಂದು, ಅಲ್ಲಿ ಸಂಪಾದಕನ ಮೇರೆ ಮೀರಿದೆನೆಂದು ಕ್ರಿಸ್ಟೋಫರ್ 1994ರಲ್ಲಿ ಪ್ರಾಮಾಣಿಕವಾಗಿ ಬರೆದರು. ಗಿಲ್-ಗಲಾಡ್ ಎಂಬ ಎಲ್ಫ್ ದೊರೆಯನ್ನು ಫಿಂಗೋನನ ಮಗನೆಂದು ಅಚ್ಚು ಹಾಕಿದ್ದು ತಪ್ಪಾಯಿತೆಂದೂ ಮುಂದೆ ಹೇಳಿದರು. ಗ್ಯಾಲಾಡ್ರಿಯಲ್ ಮತ್ತು ಕೆಲೆಬೋರ್ನ್‌ರ ಕಥೆಯನ್ನು ಅಪ್ಪ ಸಾಯುವ ವರ್ಷದವರೆಗೂ ಬದಲಾಯಿಸುತ್ತಲೇ ಇದ್ದರು. ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಆರಗಾರ್ನ್ ಮೊದಮೊದಲ ಕರಡುಗಳಲ್ಲಿ ಮರದ ಪಾದರಕ್ಷೆ ತೊಟ್ಟ ಒಬ್ಬ ಹಾಬಿಟ್ ಆಗಿದ್ದ! 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ಈ ಕರಡುಗಳೆಲ್ಲ ಹೊರಬಂದಿವೆ. ಅವುಗಳನ್ನು ಓದಿದ ಯಾರೂ ಮೂಲವೆಂಬುದು ಕಲ್ಲಿನಲ್ಲಿ ಕೊರೆದ ಒಂದೇ ಪಾಠ ಎಂದು ನಂಬಲಾರರು. ಓದದವರು ಮಾತ್ರ ಹಾಗೆ ನಂಬಬಲ್ಲರು.

ಚಿತ್ರಕಾರರು ಮೂಲವನ್ನೇ ತಿದ್ದಿಸಿದ ಪ್ರಸಂಗವೂ ಇದೆ. ‘ದ ಹಾಬಿಟ್’ನ ಮೊದಲ ಪಾಠದಲ್ಲಿ ಗೊಲ್ಲಮ್ ಎಷ್ಟು ದೊಡ್ಡವನೆಂದು ಟೋಲ್ಕೀನ್ ಹೇಳಿರಲಿಲ್ಲ. ಬೇರೆ ಬೇರೆ ಭಾಷೆಗಳ ಆವೃತ್ತಿಗಳಿಗೆ ಚಿತ್ರ ಬರೆದವರು ತಮಗೆ ತೋಚಿದಂತೆ ಬಿಡಿಸಿದರು. 1962ರ ಸ್ವೀಡಿಷ್ ಆವೃತ್ತಿಗೆ ಟೂವೆ ಯಾನ್ಸನ್ ಬಿಡಿಸಿದ ಗೊಲ್ಲಮ್ ಕಥಾನಾಯಕ ಬಿಲ್ಬೊನ ಮುಂದೆ ಬೆಟ್ಟದಂತೆ ನಿಂತಿದ್ದಾನೆ. 1966ರ ಪರಿಷ್ಕೃತ ಪಾಠದಲ್ಲಿ ಟೋಲ್ಕೀನ್ ಅವನು ಸಣ್ಣ ಗಾತ್ರದವನೆಂಬ ವಿವರ ಸೇರಿಸಿದರು. ಲೇಖಕ ಬಿಟ್ಟ ಖಾಲಿ ಜಾಗವನ್ನು ಚಿತ್ರ ತೋರಿಸಿಕೊಟ್ಟಿತು, ಲೇಖಕ ನೋಡಿ ತುಂಬಿದರು. ಇಂಥ ಮಾತುಕತೆಯನ್ನು ಕತ್ತರಿಸಿಹಾಕುವುದರಿಂದ ಯಾರಿಗೆ ಒಳಿತು?

ರಾಣಿ ಬೆರೂಥಿಯಲ್‌ಳ ಬೆಕ್ಕುಗಳ ವಿಷಯ ನನಗೆ ಬಹಳ ಪ್ರಿಯವಾದದ್ದು. ಮೋರಿಯಾದ ಕತ್ತಲಲ್ಲಿ ಆರಗಾರ್ನ್ ಮಾತಿನ ಭರದಲ್ಲಿ ಆ ಬೆಕ್ಕುಗಳನ್ನು ಒಮ್ಮೆ ನೆನೆಯುತ್ತಾನೆ, ಅಷ್ಟೆ. ಅವು ಯಾವ ಬೆಕ್ಕುಗಳೆಂದು ತನಗೂ ಇನ್ನೂ ಗೊತ್ತಾಗಿಲ್ಲವೆಂದು ಟೋಲ್ಕೀನ್ 1955ರಲ್ಲಿ ಕವಿ ಡಬ್ಲ್ಯು.ಎಚ್. ಆಡೆನ್ನರಿಗೆ ಬರೆದರು. ಆಮೇಲೆ ಕುಳಿತು ಕಥೆ ಕಟ್ಟಿದರು. ಗಂಡನಿಗೆ ಬೇಡವಾದ ರಾಣಿ, ಒಂಬತ್ತು ಕರಿ ಬೆಕ್ಕು, ಒಂದು ಬಿಳಿ ಬೆಕ್ಕು, ಅವು ಊರಿನ ಗುಟ್ಟುಗಳನ್ನು ಕದ್ದು ತರುವುದು, ಕೊನೆಗೆ ರಾಣಿಯನ್ನೂ ಬೆಕ್ಕುಗಳನ್ನೂ ಹಡಗಿಗೆ ಹತ್ತಿಸಿ ಗಾಳಿಗೆ ಬಿಟ್ಟುಬಿಡುವುದು. ಒಂದು ಸಾಲಿನಲ್ಲಿ ಇಣುಕಿದ ಉಪಪಾತ್ರವನ್ನು ಹಿಡಿದು, ನೀನು ಯಾರು ಎಂದು ಕೇಳಿ, ಉತ್ತರ ಕಟ್ಟುವುದು. ಅಭಿಮಾನಿಗಳು ಮಾಡುವ ಕೆಲಸ ಇದೇ. ಅದೇ ಕುತೂಹಲ ಲೇಖಕನಲ್ಲಿದ್ದರೆ ಸೃಷ್ಟಿ, ಓದುಗನಲ್ಲಿದ್ದರೆ ಕಳ್ಳತನವೇ?

1951ರಲ್ಲಿ ಮಿಲ್ಟನ್ ವಾಲ್ಡ್‌ಮನ್ ಎಂಬ ಪ್ರಕಾಶನ ಸಂಪಾದಕರಿಗೆ ಬರೆದ ದೀರ್ಘ ಪತ್ರದಲ್ಲಿ ಟೋಲ್ಕೀನ್ ತಮ್ಮ ಹಳೆಯ ಆಸೆಯೊಂದನ್ನು ತೆರೆದಿಟ್ಟಿದ್ದಾರೆ. ಕೆಲವು ಕಥೆಗಳನ್ನು ಪೂರ್ತಿಯಾಗಿ ಹೇಳಿ, ಹಲವನ್ನು ಗೆರೆಗಳಲ್ಲಷ್ಟೇ ಬಿಟ್ಟು, ಚಿತ್ರ, ಸಂಗೀತ, ನಾಟಕ ಬಲ್ಲ ಬೇರೆ ಕೈಗಳಿಗೂ ಮನಸ್ಸುಗಳಿಗೂ ಜಾಗ ಉಳಿಸಬೇಕೆಂಬುದು ಆ ಆಸೆ. ಅತಿಯಾಸೆಯೆಂದು ಅವರೇ ಅಲ್ಲಿ ಅದನ್ನು ತಳ್ಳಿಹಾಕುತ್ತಾರೆ. ಆದರೂ ಆ ಲೋಕವನ್ನು ಕಟ್ಟಿದ್ದು ಆ ಆಸೆಯಿಂದ. 1966ರಲ್ಲಿ ಒಬ್ಬ ಟೋಲ್ಕೀನರ ಕಾದಂಬರಿಗೆ ಉತ್ತರಕಥೆ ಬರೆಯಲು ಹೊರಟಾಗ ಅವರು ಸಿಟ್ಟಾದದ್ದೂ ನಿಜ, ಮೂಲನಿಷ್ಠರು ಈ ಸಿಟ್ಟನ್ನೇ ಹಿಡಿದು ಎತ್ತಿ ತೋರಿಸುತ್ತಾರೆ. ಒಬ್ಬ ಮುದುಕನ ಒಂದು ದಿನದ ಸಿಟ್ಟನ್ನು ಶಾಸನವಾಗಿಸಿ, ಅವನ ಜೀವಮಾನದ ಆಸೆಯನ್ನು ಮರೆಮಾಚುವುದು ಯಾವ ಬಗೆಯ ನಿಷ್ಠೆ?

ಜಾರ್ಜ್ ಆರ್.ಆರ್. ಮಾರ್ಟಿನ್, ರಾಬಿನ್ ಹಾಬ್ ಅವರಂಥ ಇಂದಿನ ದೊಡ್ಡ ಫ್ಯಾಂಟಸಿ ಲೇಖಕರು ಅಭಿಮಾನಿಗಳ ಕಥೆಗಳನ್ನು ಬಹಿರಂಗವಾಗಿ ವಿರೋಧಿಸಿದ್ದಾರೆ. ಇದೇ ಮಾರ್ಟಿನ್ 2009ರಲ್ಲಿ ಜಾಕ್ ವ್ಯಾನ್ಸ್ ಎಂಬ ಹಿರಿಯ ಲೇಖಕರ ಲೋಕದಲ್ಲಿ ಹಲವರಿಂದ ಕಥೆ ಬರೆಸಿ, ತಾವೂ ಒಂದು ಬರೆದು, ಜತೆಯಾಗಿ ಸಂಪಾದಿಸಿ ಸಂಕಲನ ತಂದರು. ವ್ಯಾನ್ಸ್ ಮೇಲಿನ ಪ್ರೀತಿಯಿಂದ ಹುಟ್ಟಿದ ಪುಸ್ತಕ ಅದು. ಅನುಮತಿ ಪಡೆದಿದ್ದೆವು ಎಂಬುದು ಅವರಿಗೂ ಬೇರೆಯವರಿಗೂ ಇರುವ ವ್ಯತ್ಯಾಸ. ಅನುಮತಿ ವ್ಯಾಪಾರಕ್ಕೆ ಸಂಬಂಧಪಟ್ಟದ್ದು. ಪುಸ್ತಕ ಮಾರುವುದಾದರೆ ಅನುಮತಿ ಬೇಕು, ನನಗೂ ಇದರಲ್ಲಿ ಎರಡು ಮಾತಿಲ್ಲ. ಟೋಲ್ಕೀನ್ ಕೃತಿಗೆ ಉತ್ತರಕಥೆ ಬರೆದು ಮಾರಿ, ಮೇಲಿಂದ ಅಮೆಜಾನ್ ಮೇಲೆಯೇ ಮೊಕದ್ದಮೆ ಹೂಡಿದ ಅಮೆರಿಕದ ಒಬ್ಬ ವ್ಯಕ್ತಿಗೆ 2023ರಲ್ಲಿ ನ್ಯಾಯಾಲಯ ಪ್ರತಿಗಳನ್ನು ನಾಶಮಾಡಲು ಆದೇಶಿಸಿತು. ಅವನ ಪರ ನಾನು ವಾದಿಸುತ್ತಿಲ್ಲ. ಕಾಸು ಮುಟ್ಟದೆ, ಪ್ರೀತಿಯಿಂದ, ಡೀಸ್‌ಳ ಕಣ್ಣಿನ ಕೆಳಗಿನ ನೆರಳನ್ನು ಹತ್ತು ಸಲ ಅಳಿಸಿ ಬಿಡಿಸುವ ಸಾವಿರಾರು ಮಂದಿಯ ಪರ ವಾದಿಸುತ್ತಿದ್ದೇನೆ. ಅವರನ್ನೆಲ್ಲ ಆ ಒಬ್ಬನ ಜೊತೆ ಕಟ್ಟಿಹಾಕುವುದು ಅನ್ಯಾಯ.

ಹಣದ ಮಾತು ಬಂದಿತಲ್ಲ, ಅದನ್ನು ಪೂರ್ತಿ ಆಡಿಬಿಡೋಣ. 2017ರಲ್ಲಿ ಅಮೆಜಾನ್ ಕಂಪನಿ ಟೋಲ್ಕೀನರ ಲೋಕದ ಟೀವಿ ಹಕ್ಕು ಕೊಂಡಿತು. ಕೊಟ್ಟ ಮೊತ್ತ ಸುಮಾರು 25 ಕೋಟಿ ಡಾಲರ್ ಎಂದು ಆಗ ವರದಿಯಾಯಿತು. 2022ರಲ್ಲಿ ಬಂದ ಆ ಧಾರಾವಾಹಿಯಲ್ಲಿ ಟೋಲ್ಕೀನ್ ಬರೆಯದ ಪಾತ್ರಗಳು ತುಂಬಿವೆ, ಬರೆದ ಪಾತ್ರಗಳಿಗೆ ಬರೆಯದ ಬದುಕು ಕೊಡಲಾಗಿದೆ. 2024ರ ‘ದ ವಾರ್ ಆಫ್ ದ ರೊಹಿರ್ರಿಮ್’ ಚಲನಚಿತ್ರವನ್ನು ನೋಡಿ. ಅನುಬಂಧದಲ್ಲಿ ರೋಹನ್ ದೊರೆ ಹೆಲ್ಮ್‌ಗೆ ಒಬ್ಬ ಮಗಳಿದ್ದಾಳೆ. ಅವಳನ್ನು ಯಾರೋ ತನ್ನ ಮಗನಿಗೆ ಕೇಳಿದರು, ಹೆಲ್ಮ್ ಕೊಡಲಿಲ್ಲ, ಯುದ್ಧವಾಯಿತು. ಅವಳ ಹೆಸರಿಲ್ಲ. ಚಿತ್ರ ಅವಳಿಗೆ ಹೀರಾ ಎಂಬ ಹೆಸರಿಟ್ಟು ಕಥಾನಾಯಕಿ ಮಾಡಿತು. ಒಳ್ಳೆಯದೇ ಆಯಿತು. ಆದರೆ ಹೆಸರಿಲ್ಲದ ರಾಜಕುಮಾರಿಯರಿಗೆ ಹೆಸರು, ಕುದುರೆ, ಕೋಪ ಕೊಡುವುದನ್ನು ಓದುಗಿಯರು ದಶಕಗಳಿಂದ ನೋಟುಬುಕ್ಕುಗಳಲ್ಲಿ ಮಾಡುತ್ತ ಬಂದಿದ್ದಾರೆ. ಅವರು ಮಾಡಿದಾಗ ಬಾಲಿಶ, ಕಂಪನಿ ಮಾಡಿದಾಗ ‘ರೂಪಾಂತರ’! ಹೀಗೆ ಹೇಳುವವರು ಕಾಯುತ್ತಿರುವುದು ಕಲೆಯ ಪಾವಿತ್ರ್ಯವನ್ನೋ, ಸ್ವತ್ತಿನ ಬೇಲಿಯನ್ನೋ? 2022ರಲ್ಲಿಯೇ ಟೋಲ್ಕೀನ್ ಸಿನಿಮಾ, ಆಟ, ಸರಕುಗಳ ಹಕ್ಕು ಹೊಂದಿದ್ದ ಸಂಸ್ಥೆಯನ್ನು ಸ್ವೀಡನ್ನಿನ ಒಂದು ವಿಡಿಯೊ ಗೇಮ್ ಕಂಪನಿ ಖರೀದಿಸಿತು. ಪುರಾಣಗಳು ಷೇರು ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತಿರುವ ಕಾಲದಲ್ಲಿ, ಅವುಗಳ ಬಗ್ಗೆ ಕನಸು ಕಾಣುವ ಹಕ್ಕನ್ನೂ ಕೊಂಡವರಿಗೇ ಒಪ್ಪಿಸಿಬಿಡಿ ಎಂದು ಓದುಗರೇ ಓದುಗರಿಗೆ ಹೇಳುವುದು ನನಗೆ ನೋವಿನ ಸಂಗತಿ.

ಎಲ್ಲಕ್ಕಿಂತ ಗುರುತರವಾದ ಆರೋಪ ಇನ್ನೂ ಬಾಕಿ ಇದೆ. ಈ ಮೂಲನಿಷ್ಠೆ ಯಾರನ್ನು ಹೊರಗಿಡುತ್ತದೆ?

‘ದ ಹಾಬಿಟ್’ನಲ್ಲಿ ಬಿಲ್ಬೊನ ತಾಯಿ ಬೆಲಡೊನ್ನಾ ಟೂಕ್ ಒಬ್ಬಳನ್ನು ಬಿಟ್ಟರೆ ಹೆಸರುಳ್ಳ ಹೆಣ್ಣಿಲ್ಲ. ‘ಸಿಲ್ಮರಿಲಿಯನ್’ ಲೋಕದಲ್ಲಿ ಫಿಯಾನೋರ್‌ನ ಏಳು ಗಂಡುಮಕ್ಕಳಿಗೂ ಒಬ್ಬೊಬ್ಬನಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಟೋಲ್ಕೀನ್ ಕೊಟ್ಟಿದ್ದಾರೆ. ಅವರಲ್ಲಿ ಮದುವೆಯಾದವರ ಹೆಂಡತಿಯರಿಗೆ ಒಂದೂ ಇಲ್ಲ. ರೋಹನ್ನಿನ ದೊರೆ ಎಯೋಮರ್‌ನ ರಾಣಿ ಲೋಥಿರಿಯಲ್ ಅನುಬಂಧದಲ್ಲಿ ಬಂದು ಮರೆಯಾಗುತ್ತಾಳೆ. ಇವರ ಬಗ್ಗೆ ಬರೆಯುವವರಲ್ಲಿ, ಬಿಡಿಸುವವರಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿರುವುದು ಆಕಸ್ಮಿಕವಲ್ಲ. ತಾವು ಪ್ರೀತಿಸುವ ಲೋಕದಲ್ಲಿ ತಮಗೆ ಬಾಗಿಲು ಎಲ್ಲಿದೆಯೆಂದು ಹುಡುಕಿದವರಿಗೆ ಸಿಕ್ಕಿದ್ದು ಈ ಅನುಬಂಧದ ಸಾಲುಗಳು. ಅಲ್ಲಿಯೂ ಹೋಗಬೇಡಿ ಎನ್ನುವವರಿಗೆ ಅವರ ಪ್ರೀತಿಯ ಆಳ ಗೊತ್ತಿಲ್ಲ.

ಇನ್ನು ಯುದ್ಧದಲ್ಲಿ ಎದುರು ಪಕ್ಷದವರು. ಇಥಿಲಿಯನ್ನಿನ ಕಾಡಿನಲ್ಲಿ ಫರಾಮಿರ್‌ನ ಬಿಲ್ಲುಗಾರರು ದಕ್ಷಿಣದ ಹರಾದ್ ದೇಶದ ಸೈನ್ಯದ ಮೇಲೆ ಬೀಳುತ್ತಾರೆ. ಒಬ್ಬ ಕಂದುಬಣ್ಣದ ಸೈನಿಕ ಸತ್ತು ಸ್ಯಾಮ್‌ನ ಪಕ್ಕದಲ್ಲೇ ಬಂದು ಬೀಳುತ್ತಾನೆ. ತೋಟದ ಮಾಲಿಯಾದ ಸ್ಯಾಮ್‌ಗೆ ಆಗ ಬರುವ ಯೋಚನೆ ಯುದ್ಧಕ್ಕೆ ಸಂಬಂಧಪಟ್ಟದ್ದಲ್ಲ. ಇವನ ಹೆಸರೇನಿರಬಹುದು, ಊರು ಯಾವುದು, ಇವನು ನಿಜವಾಗಿ ಕೆಟ್ಟವನೇ, ಯಾವ ಸುಳ್ಳು ಯಾವ ಬೆದರಿಕೆ ಇವನನ್ನು ಮನೆಯಿಂದ ಇಷ್ಟು ದೂರ ನಡೆಸಿತು, ಮನೆಯಲ್ಲಿಯೇ ಇರಲು ಇವನಿಗೆ ಇಷ್ಟವಿತ್ತೇ? ಟೋಲ್ಕೀನರ ಕೃತಿಯಲ್ಲಿ ನನ್ನನ್ನು ಅತಿ ಹೆಚ್ಚು ಅಲುಗಾಡಿಸಿದ ಜಾಗ ಇದು. ಮೊದಲ ಮಹಾಯುದ್ಧದ ಸೊಮ್ಮ್ ಕಂದಕಗಳಲ್ಲಿದ್ದ ಒಬ್ಬ ಮನುಷ್ಯ ಬರೆದ ಜಾಗ. ಹರಾದ್‌ನ ಆ ಸೈನಿಕನ ಮನೆಯನ್ನು, ಅವನ ತಾಯಿಯನ್ನು, ಅವನಿಗೆ ಹೇಳಿದ ಸುಳ್ಳುಗಳನ್ನು ಕಟ್ಟಿ ಬರೆಯುವ ಓದುಗ ಟೋಲ್ಕೀನರ ಪ್ರಶ್ನೆಗೆ ಕಿವಿಗೊಟ್ಟವನು. ಇದು ಮೂಲದಲ್ಲಿಲ್ಲ ಎನ್ನುವವನ ಮುಂದೆಯೂ ಅದೇ ಪ್ರಶ್ನೆ ಅಚ್ಚಾಗಿ ನಿಂತಿದೆ. ಅವನು ಅದನ್ನು ಓದಿದನೇ, ಹಾರಿಸಿದನೇ?

ಅದೇ ಕೃತಿಯಲ್ಲಿ ನೂರ್ನೆನ್ ಸರೋವರದ ತೀರವೂ ಇದೆ. ಶತ್ರುರಾಜ್ಯ ಮೋರ್ಡರ್‌ನ ಸೈನ್ಯಕ್ಕೆ ಅನ್ನ ಬೆಳೆದವರು ಆ ತೀರದ ಹೊಲಗಳ ಗುಲಾಮರು. ಯುದ್ಧ ಮುಗಿದ ಮೇಲೆ ಹೊಸ ದೊರೆ ಅವರನ್ನು ಬಿಡುಗಡೆ ಮಾಡಿ ಆ ಭೂಮಿಯನ್ನು ಅವರಿಗೇ ಕೊಟ್ಟನೆಂದು ಪುಸ್ತಕ ಒಂದು ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಕೂಲಿಯವರಿಗೆ ಉಳುವ ನೆಲ ಸಿಕ್ಕಿದ್ದು ಎಷ್ಟು ದೊಡ್ಡ ಕಥೆಯೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಬರೆಯುವವರು ಬೇಕಲ್ಲವೇ? 1999ರಲ್ಲಿ ರಷ್ಯದ ಪ್ರಾಚೀನ ಜೀವಿಶಾಸ್ತ್ರಜ್ಞ ಕಿರಿಲ್ ಯೆಸ್ಕೋವ್ ಇಡೀ ಯುದ್ಧವನ್ನು ಮೋರ್ಡರ್ ಕಡೆಯಿಂದ ಬರೆದು, ಗೆದ್ದವರು ಬರೆದ ಚರಿತ್ರೆಯನ್ನು ನಂಬಬಹುದೇ ಎಂದು ಕೇಳಿದರು. ಅವರ ಉತ್ತರ ಒಪ್ಪದಿರಬಹುದು. ನನಗೂ ಅದರ ಹಲವು ಭಾಗಗಳು ಒಪ್ಪಿಗೆಯಿಲ್ಲ. ಆದರೆ ಆ ಪ್ರಶ್ನೆಯೆದುರು ಮೂಲಕೃತಿ ಹಿಗ್ಗಿತೇ ಹೊರತು ಕುಗ್ಗಲಿಲ್ಲ.

ಮೂಲನಿಷ್ಠೆಯ ಹೆಸರಿನಲ್ಲಿ ಎಂಥ ಹೊಲಸು ಹೊರಬರಬಹುದೆಂದು 2022ರಲ್ಲಿ ಕಂಡೆವು. ಅಮೆಜಾನ್ ಧಾರಾವಾಹಿಯಲ್ಲಿ ಎಲ್ಫ್ ಪಾತ್ರಕ್ಕೆ ಇಸ್ಮಾಯೆಲ್ ಕ್ರೂಸ್ ಕೊರ್ಡೊವಾ, ಡ್ವಾರ್ಫ್ ರಾಜಕುಮಾರಿಯ ಪಾತ್ರಕ್ಕೆ ಸೋಫಿಯಾ ನೊಮ್ವೆಟೆ ಬಂದರು. ಕಪ್ಪು ಚರ್ಮದ ಎಲ್ಫ್ ಟೋಲ್ಕೀನರಲ್ಲಿಲ್ಲ ಎಂದು ಗುಲ್ಲೆದ್ದಿತು, ನಟನಟಿಯರ ಮೇಲೆ ಜನಾಂಗದ್ವೇಷದ ಮಾತುಗಳು ಸುರಿದವು. ಹಳೆಯ ಸಿನಿಮಾಗಳ ಹಾಬಿಟ್ ನಟರು ಬಗೆಬಗೆಯ ಮೈಬಣ್ಣದ ಕಿವಿಗಳ ಚಿತ್ರವಿರುವ ಅಂಗಿ ತೊಟ್ಟು ಅವರ ಬೆನ್ನಿಗೆ ನಿಂತರು. ಹಾಬಿಟ್‌ಗಳಲ್ಲಿ ಹಾರ್ಫುಟ್ ಎಂಬ ಪಂಗಡ ಉಳಿದವರಿಗಿಂತ ಕಂದುಬಣ್ಣದ್ದೆಂದು ಟೋಲ್ಕೀನರೇ ಪೀಠಿಕೆಯಲ್ಲಿ ಬರೆದಿದ್ದಾರೆ. ಅದನ್ನು ಅಷ್ಟು ವರ್ಷ ಯಾವ ನಿಷ್ಠರೂ ಎತ್ತಿ ಹಿಡಿದು ತೋರಿಸಲಿಲ್ಲವೇಕೆ? ಬಿಳಿಯ ಹಾಬಿಟ್‌ಗಳನ್ನಷ್ಟೇ ಬಿಡಿಸಿದಾಗ ಮೂಲದ ನೆನಪೇಕೆ ಬರಲಿಲ್ಲ? ಮೈಬಣ್ಣದ ಬಗ್ಗೆ ಪಠ್ಯ ಮೌನವಾಗಿರುವ ಜಾಗದಲ್ಲೆಲ್ಲ ಬಿಳಿಯನ್ನು ತುಂಬಿಕೊಂಡು, ತಾನು ತುಂಬಿದ್ದೇ ಮೂಲವೆಂದು ನಂಬುವವನೂ ಕಲ್ಪನೆಯನ್ನೇ ಮಾಡುತ್ತಿರುತ್ತಾನೆ. ಅಭಿಮಾನಿ ಕಲಾವಿದೆ ತನ್ನ ಕಲ್ಪನೆಗೆ ಸಹಿ ಹಾಕುತ್ತಾಳೆ, ಇವನು ಹಾಕುವುದಿಲ್ಲ.

ಇದು ಕಲೆಯೇ ಅಲ್ಲ, ಹವ್ಯಾಸ ಎನ್ನುವವರಿಗೂ ಉತ್ತರ ಕೊಡಬೇಕು. ಕೆನಡದ ಟೆಡ್ ನೇಸ್ಮಿತ್ ತರುಣನಾಗಿದ್ದಾಗ ತನ್ನ ಹಾಬಿಟ್ ಚಿತ್ರಗಳ ಫೋಟೊ ಟೋಲ್ಕೀನರಿಗೆ ಕಳಿಸಿದ. ಮೆಚ್ಚಿದ ಟೋಲ್ಕೀನ್, ಬಿಲ್ಬೊ ಮಾತ್ರ ತುಸು ಮಗುವಿನ ಹಾಗೆ ಕಾಣುತ್ತಾನೆಂದು ಬರೆದರು. ಅದೇ ನೇಸ್ಮಿತ್ 1998ರ ಸಚಿತ್ರ ‘ಸಿಲ್ಮರಿಲಿಯನ್’ಗೆ ಚಿತ್ರಕಾರನಾದ. ಡೆನ್ಮಾರ್ಕಿನ ಮಾರ್ಗರೆಥೆ 1970ರ ಹೊತ್ತಿಗೆ ಬರೀ ಪ್ರೀತಿಯಿಂದ ಬಿಡಿಸಿ ಕಳಿಸಿದ ಚಿತ್ರಗಳು ಮುಂದೆ ಬೇರೊಂದು ಹೆಸರಿನಲ್ಲಿ ಪುಸ್ತಕದೊಳಗೆ ಅಚ್ಚಾದವು. ಆಕೆ 2024ರವರೆಗೆ ಆ ದೇಶದ ರಾಣಿಯಾಗಿದ್ದವರು. 1969ರಲ್ಲಿ ಇಂಗ್ಲೆಂಡಿನಲ್ಲಿ ಟೋಲ್ಕೀನ್ ಸೊಸೈಟಿ ಸ್ಥಾಪಿಸಿದ ವೀರಾ ಚಾಪ್‌ಮನ್ ತಾವೇ ಆರ್ಥರ್ ದೊರೆಯ ಕಥಾಚಕ್ರದ ಲಿನೆಟ್ ಎಂಬ ಬದಿಯ ಪಾತ್ರವನ್ನು ಎತ್ತಿಕೊಂಡು 1976ರಲ್ಲಿ ಕಾದಂಬರಿ ಬರೆದರು. ಅಭಿಮಾನಿಗಳ ಬರಹಗಳನ್ನು ಅಭಿಮಾನಿಗಳೇ ಲಾಭವಿಲ್ಲದೆ ಕಾಪಿಡುವ ‘ಆರ್ಕೈವ್ ಆಫ್ ಅವರ್ ಓನ್’ ಭಂಡಾರಕ್ಕೆ 2019ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಹವ್ಯಾಸ ಎಲ್ಲಿ ಮುಗಿದು ಕಲೆ ಎಲ್ಲಿ ಶುರುವಾಯಿತು, ಗೆರೆ ಎಳೆದು ತೋರಿಸಬಲ್ಲವರು ತೋರಿಸಲಿ.

ಈ ಕೆಲಸದಲ್ಲಿರುವ ಶ್ರಮವನ್ನು ಟೀಕಾಕಾರರು ನೋಡುವುದೇ ಇಲ್ಲ. ಡೀಸ್‌ಳ ಕೈಗೆ ಮಸಿ ಬಳಿದಾಕೆ ಅದನ್ನು ಸುಮ್ಮನೆ ಬಳಿಯಲಿಲ್ಲ. ರಾಜ್ಯ ಕಳೆದುಕೊಂಡ ಮೇಲೆ ಆ ಮನೆತನ ಕಮ್ಮಾರಿಕೆ ಮಾಡಿ, ಕಲ್ಲಿದ್ದಲು ಗಣಿಗೂ ಇಳಿದು ಬದುಕಬೇಕಾಯಿತೆಂಬುದು ಪುಸ್ತಕದಲ್ಲಿದೆ. ರಾಜಕುಮಾರಿಯ ಕೈ ಹೇಗಿರುತ್ತದೆಂಬ ಯೋಚನೆ ಅಲ್ಲಿಂದ ಹುಟ್ಟಿತು. ಗಡ್ಡದ ವಿಷಯಕ್ಕೆ ಟೋಲ್ಕೀನರ ಮರಣೋತ್ತರ ಸಂಪುಟಗಳನ್ನು ತೆರೆಯಬೇಕು. ಹೆಸರು ಕಟ್ಟಬೇಕಾದರೆ ಆ ಲೋಕದ ಭಾಷೆಗಳ ಧ್ವನಿನಿಯಮ ಕಲಿಯಬೇಕು. ಪಠ್ಯವನ್ನು ಇಷ್ಟು ನಿಧಾನವಾಗಿ, ಅನುಬಂಧದ ಅಡಿಟಿಪ್ಪಣಿಯವರೆಗೂ ಬಿಡದೆ ಓದುವವರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಕನ್ನಡದಲ್ಲಿ ಕುಳಿತು ಈ ಕೆಲಸವನ್ನು ಹೀಯಾಳಿಸುವವರನ್ನು ಕಂಡರೆ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಮಂಥರೆಯ ಗೂನುಬೆನ್ನಿನೊಳಗೆ ಮಮತೆಯನ್ನು ಕಂಡರು, ಊರ್ಮಿಳೆಗೆ ತಪಸ್ಸು ಕೊಟ್ಟರು. ಅದಕ್ಕೂ ಮುಂಚೆ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನನ್ನು ಸಾಯಲು ಬಿಡಲಿಲ್ಲ. ಪುರಾಣಕಥೆಯನ್ನು ಹೀಗೆ ಬದಲಾಯಿಸುವುದು ಸಲ್ಲದೆಂದು ಮಾಸ್ತಿಯವರಂಥ ಹಿರಿಯರೇ ಆಕ್ಷೇಪಿಸಿದರು. ಆ ಆಕ್ಷೇಪಕ್ಕೆ ಕುವೆಂಪು ತಲೆಬಾಗಿದ್ದರೆ ನಮಗೆ ಏನೇನು ಇಲ್ಲವಾಗುತ್ತಿತ್ತು? ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಎದ್ದುನಿಂತು ಗಂಡನನ್ನೂ ಮಾವನನ್ನೂ ಪ್ರಶ್ನಿಸದಿದ್ದರೆ ಆ ನಾಟಕಕ್ಕೆ ಪ್ರಾಣ ಎಲ್ಲಿಂದ ಬರುತ್ತಿತ್ತು? ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪ್ರಸಂಗದ ನಾಲ್ಕು ಪದ್ಯ ಹಿಡಿದುಕೊಂಡು, ಕವಿ ಹೇಳದ ವಾದಗಳನ್ನು ಆ ಕ್ಷಣದಲ್ಲಿ ಕಟ್ಟಿ ರಾತ್ರಿಯಿಡೀ ಮಾತಾಡುತ್ತಾರೆ. ಒಬ್ಬ ದೂತನ ಪಾತ್ರಧಾರಿಯೂ ಸೈ ಎನಿಸಿಕೊಂಡು ಏಳಬಲ್ಲ. ಈ ಪರಂಪರೆಯ ಮಡಿಲಲ್ಲಿ ಬೆಳೆದವರು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಒಬ್ಬ ಕಾಲೇಜು ಹುಡುಗಿ ಬೆರೂಥಿಯಲ್‌ಳ ಚಿತ್ರ ಬಿಡಿಸಿದರೆ, ವಿದೇಶಿ ಗೀಳು, ಕಾಲಹರಣ ಎಂದು ಮೂಗು ಮುರಿಯುವುದು ಕೃತಘ್ನತೆ. ಕುವೆಂಪು ಮಂಥರೆಯನ್ನು ನೋಡಿದ ಕಣ್ಣಿನಿಂದಲೇ ಅವಳು ಆ ರಾಣಿಯನ್ನು ನೋಡುತ್ತಿದ್ದಾಳೆ.

ಆದ್ದರಿಂದ ಇನ್ನು ರಕ್ಷಣೆಯ ಮಾತು ಸಾಕು, ಬದಲಾವಣೆಯ ಮಾತು ಬೇಕು. ಹಕ್ಕು ಹೊಂದಿದ ಕಂಪನಿಗಳು ಮತ್ತು ಎಸ್ಟೇಟುಗಳು ಲಾಭಕ್ಕಲ್ಲದ ಅಭಿಮಾನಿ ಕೃತಿಗಳನ್ನು ಮುಟ್ಟುವುದಿಲ್ಲವೆಂದು ಲಿಖಿತವಾಗಿ ಘೋಷಿಸಲಿ. ಸಿನಿಮಾ ಮಾಡುವಾಗ ದಶಕಗಳ ಅಭಿಮಾನಿ ಕಲ್ಪನೆಯಿಂದ ಪಡೆದದ್ದೇನಾದರೂ ಇದ್ದರೆ ತೆರೆಯ ಮೇಲೆ ಆ ಕಲಾವಿದರ ಹೆಸರು ಹಾಕಲಿ, ದುಡ್ಡು ಕೊಡಲಿ. ಕಲಾಶಾಲೆಗಳು ಅಭಿಮಾನಿ ಚಿತ್ರವನ್ನು ವಿದ್ಯಾರ್ಥಿಯ ಕೃತಿಸಂಚಯದಿಂದ ತೆಗೆಸುವ ಚಾಳಿ ಬಿಡಲಿ. ನಮ್ಮ ಪತ್ರಿಕೆಗಳ ಪುಸ್ತಕ ಪುಟಗಳು, ದೀಪಾವಳಿ ವಿಶೇಷಾಂಕಗಳು ಇಂಥ ಕಥೆಗಳಿಗೂ ಚಿತ್ರಗಳಿಗೂ ಜಾಗ ಕೊಟ್ಟು, ಉಳಿದ ಕೃತಿಗಳನ್ನು ಅಳೆಯುವ ಅಳತೆಗೋಲಿನಿಂದಲೇ ಅಳೆಯಲಿ. ಚೆನ್ನಾಗಿಲ್ಲದ್ದನ್ನು ನಿರ್ದಾಕ್ಷಿಣ್ಯವಾಗಿ ಚೆನ್ನಾಗಿಲ್ಲ ಎನ್ನಲಿ. ಓದುಗರು, ಇದು ಎಲ್ಲಿ ಬರೆದಿದೆ ಎಂದು ಕೇಳುವ ಮುಂಚೆ ಅನುಬಂಧ ತೆರೆದು ನೋಡಲಿ. ಆಮೇಲೂ ಕೇಳಬೇಕೆನಿಸಿದರೆ, ಯಾಕೆ ಬರೆದಿಲ್ಲ ಎಂದು ಕೇಳಲಿ.

ಬಿಡಿಸುವವರಿಗೆ, ಬರೆಯುವವರಿಗೆ ನಾನು ಹೇಳುವುದಿಷ್ಟು. ಫಿಯಾನೋರ್‌ನ ಸೊಸೆಯರು ಇನ್ನೂ ಹೆಸರಿಗಾಗಿ ಕಾದಿದ್ದಾರೆ. ನೂರ್ನೆನ್ ತೀರದಲ್ಲಿ ಮೊದಲ ಸಲ ತನ್ನದೇ ಹೊಲ ಉಳುವ ಹೆಂಗಸನ್ನು ನಾನು ಯಾವ ಚಿತ್ರದಲ್ಲೂ ಕಂಡಿಲ್ಲ. ಯಾರ ಅಪ್ಪಣೆಗೂ ಕಾಯಬೇಡಿ. ಶುರುಮಾಡಿ, ಕೆಳಗೆ ದೊಡ್ಡ ಅಕ್ಷರದಲ್ಲಿ ನಿಮ್ಮ ಹೆಸರು ಹಾಕಿ.